ಮನೆ ರಾಯಚೂರಲ್ಲಿ, ಕೆಲಸ ಮಾನ್ವಿಯಲ್ಲಿ

ಮಾನ್ವಿಗೋ ದೇವದುರ್ಗಕ್ಕೋ ನೇಮಕಾತಿ ಆದೇಶ ಬಂತೆಂದರೆ, ಇಲ್ಲವೆ ವರ್ಗಾವಣೆ ಆಯಿತೆಂದರೆ, ಮನೆಮಂದಿ ಕೂತು ಮೊದಲು ಮಾತಾಡುವುದು ಮನೆ ಎಲ್ಲಿ ಮಾಡುವುದು ಎಂಬುದನ್ನೇ. ಶಿಕ್ಷಕರು, ಬ್ಯಾಂಕ್ ನೌಕರರು, ನರ್ಸ್‌ಗಳು, ತಹಶೀಲ್ದಾರ್ ಕಚೇರಿಯ ಸಿಬ್ಬಂದಿ, ಕಾಲೇಜಿನ ಉಪನ್ಯಾಸಕರು, ಯಾರೇ ಆಗಲಿ, ಬಹಳಷ್ಟು ಮಂದಿಗೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ: ಮನೆ ರಾಯಚೂರಿನಲ್ಲಿ, ಕೆಲಸಕ್ಕೆ ದಿನಾ ಅಪ್ ಡೌನ್. ಮಕ್ಕಳ ಓದು, ಆಸ್ಪತ್ರೆ, ರೈಲು, ಸಂತೆಪೇಟೆ ಎಲ್ಲವೂ ಜಿಲ್ಲಾ ಕೇಂದ್ರದಲ್ಲಿರುವಾಗ ತಾಲ್ಲೂಕು ಊರಿನಲ್ಲಿ ಯಾಕೆ ಇರಬೇಕು ಎಂಬ ಮಾತಿಗೆ ಎದುರಾಡುವವರು ಕಡಿಮೆ. ಈ ಉತ್ತರವನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು ಎಂಬುದು ನನ್ನ ವಾದ. ದುಡಿಯುವ ಜಾಗ ತಾಲ್ಲೂಕು ಊರಿನಲ್ಲಿದ್ದು, ಮಕ್ಕಳು ಇನ್ನೂ ಹತ್ತನೆಯ ತರಗತಿ ದಾಟಿರದಿದ್ದರೆ, ಮನೆಯಲ್ಲಿ ಪದೇ ಪದೇ ದೊಡ್ಡ ಆಸ್ಪತ್ರೆಗೆ ಓಡಬೇಕಾದವರು ಇಲ್ಲದಿದ್ದರೆ, ಮಾನ್ವಿಯಲ್ಲೇ ಮನೆ ಮಾಡುವುದು ಆ ಕುಟುಂಬಕ್ಕೆ ಲಾಭ. ದೇವದುರ್ಗದ ಮಟ್ಟಿಗೂ ಬಹುಪಾಲು ಇದೇ ಮಾತು ನಿಲ್ಲುತ್ತದೆ, ಆದರೆ ಅಲ್ಲಿ ಕೆಲವು ಷರತ್ತುಗಳು ಬೇಕು.

ಇದು ಊರು ಆರಿಸಿಕೊಳ್ಳುವ ಅನುಕೂಲ ಇರುವವರ ಮಾತು ಎಂಬುದನ್ನು ಮೊದಲೇ ಹೇಳಿಬಿಡಬೇಕು. ದೇವದುರ್ಗ ತಾಲ್ಲೂಕಿನ ಹಳ್ಳಿ, ದೊಡ್ಡಿ, ತಾಂಡಾಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಹೈದರಾಬಾದ್‌ಗೆ, ಪುಣೆಗೆ ಗುಳೆ ಹೋಗುವವರು ಹೆಂಡತಿ ಮಕ್ಕಳನ್ನು, ಪಾತ್ರೆಪಗಡೆಯನ್ನು ಕಟ್ಟಿಕೊಂಡು ಬಸ್ ಹತ್ತುವುದು ಎರಡು ಊರುಗಳನ್ನು ತೂಗಿ ನೋಡಿ ಅಲ್ಲ. ಅವರ ಸಂಗತಿ ಬೇರೆ, ಅದರ ಪರಿಹಾರವೂ ಬೇರೆ. ತಿಂಗಳಿಗೊಮ್ಮೆ ಖಾತೆಗೆ ಸಂಬಳ ಬೀಳುವ ಕುಟುಂಬಗಳು ಮಾತ್ರ ಈ ಬರಹದ ವಿಷಯ. ಆ ಕುಟುಂಬಗಳಿಗೆ ರಾಯಚೂರಿನ ಸೆಳೆತ ಇರುವುದು ಸಹಜವೇ. ಬೊಂಬಾಯಿ ಕಡೆಯಿಂದ ಮತ್ತು ಮದರಾಸು ಕಡೆಯಿಂದ ಹಾಕುತ್ತ ಬಂದ ರೈಲು ಹಳಿಗಳು 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ನಿಜಾಮರ ಆಳ್ವಿಕೆಯಲ್ಲಿ ಜಿಲ್ಲಾ ಕೇಂದ್ರವಾಗಿದ್ದ ಊರು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಹಾಗೆಯೇ ಉಳಿಯಿತು. ರಾಜೇಂದ್ರ ಗಂಜ್‌ಗೆ ಸುತ್ತಲಿನ ತಾಲ್ಲೂಕುಗಳ ಹತ್ತಿ ಬಂದು ಬೀಳುತ್ತದೆ. 1985ರಲ್ಲಿ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾಯಿತು, 2007ರಲ್ಲಿ ರಿಮ್ಸ್ ವೈದ್ಯಕೀಯ ಕಾಲೇಜು, ಆಸ್ಪತ್ರೆ ಬಂತು, ಅದರ ಬೆನ್ನಿಗೇ ಕೃಷಿ ವಿಶ್ವವಿದ್ಯಾಲಯ, 2019ರಲ್ಲಿ ಐಐಐಟಿ. ಈಚೆಗೆ ನಗರಸಭೆ ಮಹಾನಗರ ಪಾಲಿಕೆಯೂ ಆಗಿದೆ. ಇನ್ನೊಂದು ಕಡೆ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಆ ಪಟ್ಟಿಯಲ್ಲಿ ದೇವದುರ್ಗವೂ ಇತ್ತು, ಮಾನ್ವಿಯೂ ಇತ್ತು. 2011ರ ಜನಗಣತಿಯಲ್ಲಿ ರಾಯಚೂರು ನಗರದ ಜನಸಂಖ್ಯೆ ಎರಡೂಕಾಲು ಲಕ್ಷ ದಾಟಿದ್ದರೆ ಮಾನ್ವಿಯದು ನಲವತ್ತೈದು ಸಾವಿರದ ಆಚೀಚೆ, ದೇವದುರ್ಗದ್ದು ಮೂವತ್ತು ಸಾವಿರದ ಒಳಗೆ. ಇಂಥ ಅಂತರ ಇರುವಾಗ ದೊಡ್ಡ ಊರನ್ನೇ ಆರಿಸುವವರನ್ನು ತಪ್ಪುಗಾರರೆನ್ನಲು ಬರುವುದಿಲ್ಲ.

ಆದರೆ ಒಂದು ಊರಿನಲ್ಲಿ ಏನೇನಿದೆ ಎಂದು ಎಣಿಸುವುದು ಬೇರೆ, ಅದರಲ್ಲಿ ನಮಗೆ ಯಾವುದು ಎಷ್ಟು ಸಲ ಬೇಕಾಗುತ್ತದೆ ಎಂದು ಎಣಿಸುವುದು ಬೇರೆ. ದಿನಾ ಬೇಕಾಗುವವು ಕೆಲಸದ ಜಾಗ, ಮಕ್ಕಳ ಶಾಲೆ, ಹಾಲು ತರಕಾರಿ, ಕುಡಿಯುವ ನೀರು, ಸಂಜೆ ಹೊತ್ತು ಮನೆಯವರ ಜೊತೆ ಕಳೆಯುವ ಎರಡು ತಾಸು. ತಿಂಗಳಿಗೋ ವರ್ಷಕ್ಕೋ ಒಂದೆರಡು ಸಲ ಬೇಕಾಗುವವು ರೈಲು, ಬಟ್ಟೆ ಬಂಗಾರದ ಅಂಗಡಿ, ಜಿಲ್ಲಾಧಿಕಾರಿ ಕಚೇರಿ, ಹಲ್ಲಿನ ವೈದ್ಯರು, ಕಣ್ಣಿನ ವೈದ್ಯರು. ಎರಡನೆಯ ಗುಂಪಿನವುಗಳಿಗಾಗಿ ಐವತ್ತು ಕಿಲೋಮೀಟರ್ ಹೋಗಿ ಬರುವುದರಲ್ಲಿ ಕಷ್ಟವೇನೂ ಇಲ್ಲ. ಅವುಗಳ ಹತ್ತಿರ ಇರಬೇಕೆಂದು ಮೊದಲನೆಯ ಗುಂಪಿನಲ್ಲಿರುವ ಕೆಲಸದ ಜಾಗವನ್ನು ಐವತ್ತು ಕಿಲೋಮೀಟರ್ ದೂರಕ್ಕೆ ತಳ್ಳಿದರೆ, ವರ್ಷಕ್ಕೆ ಹತ್ತು ಸಲದ ಅನುಕೂಲಕ್ಕೆ ಇನ್ನೂರನಲವತ್ತು ದಿನದ ತೊಂದರೆ ತಂದುಕೊಂಡಂತಾಯಿತು. ಈ ಲೆಕ್ಕಕ್ಕೆ ಸಿಗದ ಒಂದು ಮೂರನೆಯ ಗುಂಪೂ ಇದೆ: ಬೇಕಾಗುವುದು ಅಪರೂಪ, ಆದರೆ ಬೇಕಾದಾಗ ಗಳಿಗೆ ಕಾಯಲಾಗದು. ಎದೆನೋವು, ಹೆರಿಗೆಯಲ್ಲಿ ತೊಡಕು, ಹಾವು ಕಡಿತ, ಅಪಘಾತ. ಊರು ಬದಲಿಸುವ ನಿರ್ಧಾರದಲ್ಲಿ ನಿಜವಾಗಿ ತೂಕದ ವಿಷಯ ಈ ಮೂರನೆಯದು. ರೈಲು, ಮಾಲ್, ಹೋಟೆಲುಗಳನ್ನು ಅದರ ಜೊತೆ ಸೇರಿಸಿ ಒಟ್ಟಿಗೆ ಸೌಲಭ್ಯ ಎಂದು ಕರೆಯುವುದರಿಂದಲೇ ತೀರ್ಮಾನ ದಾರಿ ತಪ್ಪುತ್ತದೆ.

ಮೊದಲು ಹೊತ್ತಿನ ಲೆಕ್ಕ. ರಾಯಚೂರಿನಿಂದ ಕಲ್ಲೂರು, ನೀರಮಾನ್ವಿ ದಾಟಿ ಮಾನ್ವಿ ತಲುಪಲು ನಲವತ್ತೈದು ಕಿಲೋಮೀಟರ್‌ಗಿಂತ ತುಸು ಹೆಚ್ಚು. ಕಲಮಲಾ, ಗಬ್ಬೂರು ದಾರಿಯಲ್ಲಿ ದೇವದುರ್ಗಕ್ಕೆ ಐವತ್ತೈದರ ಸುಮಾರು. ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗುವುದು, ಬಸ್ಸಿಗೆ ಕಾಯುವುದು, ಇಳಿದ ಮೇಲೆ ಟಂಟಂ ಹಿಡಿದು ಶಾಲೆ ಅಥವಾ ಕಚೇರಿ ಮುಟ್ಟುವುದು, ಎಲ್ಲ ಸೇರಿಸಿದರೆ ಹೋಗಿ ಬರಲು ದಿನಕ್ಕೆ ಮೂರು ತಾಸು ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ವರ್ಷದಲ್ಲಿ 240 ದಿನ ಕೆಲಸವಿದ್ದರೆ 720 ತಾಸು. ಎಂಟು ತಾಸಿನ ಕೆಲಸದ ದಿನದ ಅಳತೆಯಲ್ಲಿ ಅದು 90 ದಿನ. ಅಂದರೆ ನಾಲ್ಕೂವರೆ ತಿಂಗಳ ದುಡಿಮೆಯಷ್ಟು ಹೊತ್ತು ರಸ್ತೆಯ ಮೇಲೆ ಹೋಗುತ್ತದೆ. ಹಣದ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ ಎಂಬುದು ನಿಜ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಶಿಕ್ಷಕಿಗೋ ನರ್ಸ್‌ಗೋ ಸರ್ಕಾರಿ ಬಸ್ಸಿನ ಟಿಕೆಟ್ ದುಡ್ಡಿಲ್ಲ. ಗಂಡಸರಿಗೆ ಪಾಸು ಬೇಕು, ಬೈಕಿನಲ್ಲಿ ಓಡಾಡುವವರಿಗೆ ಪೆಟ್ರೋಲು ಬೇಕು, ನಾಲ್ಕು ಮಂದಿ ಕೂಡಿ ಕಾರು ಮಾಡಿಕೊಂಡರೆ ಅದರ ಪಾಲು ಬೇಕು. ಟಿಕೆಟ್ ಉಚಿತವಾದ ಮಾತ್ರಕ್ಕೆ ದೂರ ಕಮ್ಮಿಯಾಗುವುದಿಲ್ಲ; ಬೆಳಗಿನ ಬಸ್ಸಿನಲ್ಲಿ ನಿಂತೇ ಹೋಗಬೇಕಾದವರ ಕಾಲುನೋವೂ ಕಮ್ಮಿಯಾಗುವುದಿಲ್ಲ. ಇನ್ನು ಮನೆ ಬಾಡಿಗೆ ಭತ್ಯೆ. ರಾಜ್ಯ ಸರ್ಕಾರಿ ನೌಕರರಿಗೆ ಭತ್ಯೆ ನಿಗದಿ ಮಾಡುವಾಗ ಐದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳೆಲ್ಲ ಒಂದೇ ದರ್ಜೆಗೆ ಸೇರುತ್ತವೆ. ರಾಯಚೂರಿಗೂ ಮಾನ್ವಿಗೂ ದೇವದುರ್ಗಕ್ಕೂ ಅಲ್ಲಿ ಭೇದವಿಲ್ಲ. ಭತ್ಯೆ ಅಷ್ಟೇ ಬರುತ್ತದೆ, ಬಾಡಿಗೆ ಮಾತ್ರ ದೊಡ್ಡ ಊರಿನದನ್ನು ಕೊಡಬೇಕಾಗುತ್ತದೆ.

ದಿನನಿತ್ಯದ ಬದುಕಿಗೆ ರಾಯಚೂರು ನಿಜವಾಗಿ ಎಷ್ಟು ಮೇಲು ಎಂಬುದನ್ನೂ ಕೇಳಿಕೊಳ್ಳಬೇಕು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ಈ ನಗರದಲ್ಲಿ 2022ರ ಮೇ ಕೊನೆಗೆ ಮತ್ತು ಜೂನ್ ತಿಂಗಳಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಜೀವಗಳೂ ಹೋದವು. ಎರಡು ನದಿಗಳ ನಡುವೆ ಇದ್ದೂ ಹೀಗಾಯಿತು ಎಂಬುದು ಯಾರೂ ಮರೆಯಬಾರದ ಸಂಗತಿ. ನೀರಿನ ಮೂಲ ದೊಡ್ಡದಿದ್ದರೆ ಸಾಲದು, ಶುದ್ಧೀಕರಣ ಘಟಕದಿಂದ ಮನೆಯ ನಲ್ಲಿಯವರೆಗೆ ಅದನ್ನು ನೋಡಿಕೊಳ್ಳುವವರು ಇರಬೇಕು ಎಂದು ಆ ಪ್ರಕರಣ ತೋರಿಸಿಕೊಟ್ಟಿತು. ಹಾಗೆಂದು ಮಾನ್ವಿಯ ನೀರು ಅಮೃತ ಎಂದು ನಾನು ಹೇಳುತ್ತಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿರುವ ಸೀಮೆ ಅದು. ಕಾಲುವೆ ನಿಂತ ಬೇಸಿಗೆಯಲ್ಲಿ ಕೆರೆಗಳಲ್ಲಿ ತುಂಬಿಸಿಟ್ಟ ನೀರನ್ನು ನೆಚ್ಚಬೇಕು. ಜಿಲ್ಲೆಯ ಎಷ್ಟೋ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಬಿಸಿಲಂತೂ ಮೂರೂ ಊರುಗಳಿಗೆ ಸಮನಾಗಿ ಬೀಳುತ್ತದೆ. ರಾಯಚೂರಿನ ಒಂದು ಕಡೆ 1,720 ಮೆಗಾವಾಟ್‌ನ ಶಕ್ತಿನಗರ, ಇನ್ನೊಂದು ಕಡೆ 1,600 ಮೆಗಾವಾಟ್‌ನ ಯರಮರಸ್. ಕಲ್ಲಿದ್ದಲು ಸುಡುವ ಈ ಎರಡು ಸ್ಥಾವರಗಳ ಬೂದಿಯ ತೊಂದರೆ ಆಸುಪಾಸಿನವರಿಗೆ ಗೊತ್ತಿದೆ. ಒಟ್ಟಿನಲ್ಲಿ, ಕುಡಿಯುವ ನೀರು, ಉಸಿರಾಡುವ ಗಾಳಿಗಳ ಮಟ್ಟಿಗೆ ಜಿಲ್ಲಾ ಕೇಂದ್ರಕ್ಕೆ ಹೋದವರು ಗೆದ್ದರು ಎನ್ನಲು ಆಧಾರವಿಲ್ಲ.

ಮಕ್ಕಳ ಓದು ಏನಾಗಬೇಕು? ಅಪ್ ಡೌನ್ ಮಾಡುವ ಹತ್ತು ಕುಟುಂಬಗಳನ್ನು ಕೇಳಿದರೆ ಹೆಚ್ಚಿನವು ಕೊಡುವ ಕಾರಣ ಇದೇ, ಆದ್ದರಿಂದ ಇದಕ್ಕೆ ವಿವರವಾಗಿಯೇ ಉತ್ತರಿಸಬೇಕು. ಜಿಲ್ಲೆಯ ಶಿಕ್ಷಣದ ಸ್ಥಿತಿ ಆತಂಕಪಡುವಂತೆಯೇ ಇದೆ. 2011ರಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದಾಗ ರಾಯಚೂರು ಜಿಲ್ಲೆಯದು ಶೇ 60ನ್ನೂ ಮುಟ್ಟಿರಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿ ಮಾಡಿದಾಗ ರಾಜ್ಯದಿಂದ ಸೇರಿದ್ದು ಯಾದಗಿರಿ ಮತ್ತು ರಾಯಚೂರು. ಆದರೆ ಇದು ಇಡೀ ಜಿಲ್ಲೆಯ ಲೆಕ್ಕ, ಓದಿದ ತಂದೆತಾಯಿಯ ಮಗುವಿನ ಲೆಕ್ಕವಲ್ಲ. ಒಂದರಿಂದ ಹತ್ತನೆಯ ತರಗತಿಯವರೆಗೆ ಮಗು ಚೆನ್ನಾಗಿ ಕಲಿಯುವುದು ಸಾಧಾರಣ ಒಳ್ಳೆಯ ಶಾಲೆ ಮತ್ತು ಸಂಜೆ ಪುಸ್ತಕ ಬಿಚ್ಚಿ ಪಕ್ಕದಲ್ಲಿ ಕೂರುವ ದೊಡ್ಡವರೊಬ್ಬರು, ಈ ಎರಡು ಕೂಡಿದಾಗ. ಮೊದಲನೆಯದು ಮಾನ್ವಿಯಲ್ಲಿ ಸಿಗುತ್ತದೆ. ಜೆಸ್ವಿಟ್ ಪಾದ್ರಿಗಳು ನಡೆಸುವ ಲೊಯೋಲ ಶಾಲೆ ಅಲ್ಲಿದೆ, ಬೇರೆ ಖಾಸಗಿ ಮತ್ತು ಸರ್ಕಾರಿ ಶಾಲೆಗಳೂ ಇವೆ. ದೇವದುರ್ಗದಲ್ಲಿ ಆಯ್ಕೆ ಕಡಿಮೆ, ಇಲ್ಲವೇ ಇಲ್ಲ ಎನ್ನುವಷ್ಟಲ್ಲ. ಎರಡನೆಯದನ್ನು ಅಪ್ ಡೌನ್ ಕಸಿದುಕೊಳ್ಳುತ್ತದೆ. ದಿನಾ ಬೇರೆಯವರ ಮಕ್ಕಳಿಗೆ ಮಾನ್ವಿಯಲ್ಲಿ ಗಣಿತ ಹೇಳಿಕೊಟ್ಟು ದಣಿದು ಏಳು ಗಂಟೆಗೆ ರಾಯಚೂರಿನ ಮನೆ ಸೇರುವ ಮೇಷ್ಟರು ತಮ್ಮ ಮಗುವನ್ನು ಟ್ಯೂಷನ್‌ಗೆ ಕಳಿಸಬೇಕಾಗುತ್ತದೆ. ದೊಡ್ಡ ಊರಿನ ದುಬಾರಿ ಶಾಲೆಯಿಂದ ಬಂದ ಲಾಭದಲ್ಲಿ ಒಂದು ಪಾಲು ಹೀಗೇ ಸೋರಿಹೋಗುತ್ತದೆ.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಪರಿಸ್ಥಿತಿ ಬೇರೆಯಾಗುತ್ತದೆ, ಅದನ್ನು ಒಪ್ಪುತ್ತೇನೆ. ವಿಜ್ಞಾನ ಓದಿ ನೀಟ್, ಸಿಇಟಿ ಬರೆಯಬೇಕೆನ್ನುವ ಮಗುವಿಗೆ ಮಾನ್ವಿ, ದೇವದುರ್ಗದ ಪಿಯು ಕಾಲೇಜುಗಳಲ್ಲಿ ಸಿಗುವ ತರಬೇತಿ ಸಾಲದೆನಿಸಬಹುದು. ಆದರೆ ರಾಯಚೂರಿನಲ್ಲೇ ಇರುವ ಅನುಕೂಲಸ್ಥರು ಆ ಎರಡು ವರ್ಷಕ್ಕೆ ಮಕ್ಕಳನ್ನು ಎಲ್ಲಿಗೆ ಕಳಿಸುತ್ತಿದ್ದಾರೆ? ಮೂಡುಬಿದಿರೆಗೆ, ಮಂಗಳೂರಿಗೆ, ಬೆಂಗಳೂರಿಗೆ, ಹೈದರಾಬಾದ್‌ಗೆ. ಮಗು ಹೇಗೂ ಹಾಸ್ಟೆಲ್ ಸೇರುವುದಾದರೆ ತಂದೆತಾಯಿ ಮಾನ್ವಿಯಲ್ಲಿದ್ದರೇನು, ರಾಯಚೂರಿನಲ್ಲಿದ್ದರೇನು? ರಾಯಚೂರಿನ ಕಾಲೇಜೇ ಸಾಕೆನ್ನುವವರು ಆ ಹೊತ್ತಿಗೆ ಮನೆ ಬದಲಿಸಬಹುದು. ಹದಿನಾರು ವರ್ಷದವರಿಗಾಗಿ ಮಾಡಬೇಕಾದ್ದನ್ನು ಮಗು ಆರು ವರ್ಷದ್ದಿರುವಾಗಲೇ ಮಾಡಿ ಹತ್ತು ವರ್ಷ ಅಪ್ ಡೌನ್ ಮಾಡುವ ಅಗತ್ಯವಿಲ್ಲ. ಸಂವಿಧಾನದ 371(ಜೆ) ವಿಧಿಯ ಮಾತೂ ಇಲ್ಲಿ ಬರುತ್ತದೆ. 2012ರ 98ನೆಯ ತಿದ್ದುಪಡಿಯಿಂದ ಬಂದ ಈ ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ಅದಕ್ಕೆ ಬೇಕಾದ ಅರ್ಹತಾ ಪತ್ರ ಇಡೀ ಪ್ರದೇಶಕ್ಕೆ ಒಂದೇ. ದೇವದುರ್ಗದಲ್ಲಿ ಬೆಳೆದ ಮಗುವಿಗೂ ರಾಯಚೂರಿನಲ್ಲಿ ಬೆಳೆದ ಮಗುವಿಗೂ ರಿಮ್ಸ್‌ನ ಸೀಟಿನ ಮುಂದೆ ಸ್ಥಳೀಯತೆಯ ವಿಷಯದಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ಆಸ್ಪತ್ರೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ತಾಲ್ಲೂಕು ಆಸ್ಪತ್ರೆಯ ಕಟ್ಟಡ ಇರುತ್ತದೆ, ಹಾಸಿಗೆ ಇರುತ್ತವೆ. ರಾತ್ರಿ ಎರಡು ಗಂಟೆಗೆ ಅರಿವಳಿಕೆ ತಜ್ಞರೂ ಹೆರಿಗೆ ತಜ್ಞರೂ ಒಟ್ಟಿಗೆ ಸಿಗುತ್ತಾರೆ ಎಂಬ ಭರವಸೆಯನ್ನು ಈ ಭಾಗದಲ್ಲಿ ಯಾರೂ ಕೊಡಲಾರರು. 108 ಆಂಬುಲೆನ್ಸ್ ಹತ್ತಿ ರಿಮ್ಸ್ ಮುಟ್ಟಲು ಮಾನ್ವಿಯಿಂದ ಒಂದು ತಾಸು, ದೇವದುರ್ಗದಿಂದ ಇನ್ನೂ ಹೆಚ್ಚು. ಹಾಗಾಗಿ ಮನೆಯಲ್ಲಿ ಹೃದ್ರೋಗಿಗಳಿದ್ದರೆ, ಗರ್ಭಿಣಿಗೆ ಮೊದಲಿನ ಹೆರಿಗೆಯಲ್ಲೇ ತೊಡಕಾಗಿದ್ದರೆ, ಮಗುವಿಗೆ ಮೂರ್ಛೆರೋಗ ಇದ್ದರೆ, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಇದ್ದರೆ, ಅವರು ರಾಯಚೂರಿನಲ್ಲೇ ಮನೆ ಮಾಡಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಎಲ್ಲರೂ ಆರೋಗ್ಯವಾಗಿರುವ ಮನೆಯವರು ಮುಂದೆಂದೋ ಏನೋ ಆದೀತೆಂದು ಹತ್ತು ವರ್ಷ ದಿನಾ ನೂರು ಕಿಲೋಮೀಟರ್ ಓಡಾಡುವಾಗ, ಆ ಓಡಾಟದ ಅಪಾಯವನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೆ? ಭತ್ತದ ಲಾರಿ, ಹತ್ತಿ ತುಂಬಿದ ಟ್ರ್ಯಾಕ್ಟರ್, ಮಂದಿ ಕಿಕ್ಕಿರಿದ ಕ್ರೂಸರ್‌ಗಳ ನಡುವೆ ಕತ್ತಲಲ್ಲಿ ಬೈಕ್ ಓಡಿಸಿಕೊಂಡು ಬರುವವರಿಗೆ ರಸ್ತೆಯೇ ದಿನದ ದೊಡ್ಡ ಅಪಾಯ. ರಾಯಚೂರಿನ ಆಸ್ಪತ್ರೆಗಳೂ ಕೊನೆಯ ನಿಲ್ದಾಣವಲ್ಲ. ಹೃದಯದ ದೊಡ್ಡ ಚಿಕಿತ್ಸೆಗೆ ಇಲ್ಲಿನವರು ಕಲಬುರಗಿಯ ಜಯದೇವಕ್ಕೋ ಹೈದರಾಬಾದ್‌ಗೋ ಹೋಗುವುದಿದೆ. 2022ರ ಮೇ ತಿಂಗಳಿಂದ ಏಮ್ಸ್ ಹೋರಾಟ ಸಮಿತಿ ರಾಯಚೂರಿನಲ್ಲಿ ಸಾವಿರ ದಿನಕ್ಕೂ ಮಿಕ್ಕಿ ಧರಣಿ ಕೂತದ್ದು ಇರುವ ಆಸ್ಪತ್ರೆಗಳು ಸಾಲುತ್ತಿಲ್ಲ ಎಂಬ ಕಾರಣಕ್ಕೇ.

ಬಾಡಿಗೆ ಮನೆಯ ತೊಂದರೆಯನ್ನು ಈ ಬಗೆಯ ಚರ್ಚೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಣ್ಣ ಊರಿನಲ್ಲಿ ಬಾಡಿಗೆಗೆ ಸಿಗುವ ಮನೆಗಳು ಕಡಿಮೆ. ಇರುವ ಮನೆಗೆ ಒಳಗೇ ಶೌಚಾಲಯ, ದಿನಾ ನೀರು ಇವೆಯೆ ಎಂದು ಕೇಳಿ ನೋಡಿಯೇ ಹೋಗಬೇಕು. ಅದಕ್ಕಿಂತ ಮುಖ್ಯ, ಮನೆ ಕೇಳಲು ಹೋದವರ ಜಾತಿ ಕೇಳುತ್ತಾರೆ. ದಲಿತ ನೌಕರರಿಗೆ, ಮುಸ್ಲಿಂ ನೌಕರರಿಗೆ, ಒಂಟಿಯಾಗಿ ಇರಬಯಸುವ ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿಕೊಳ್ಳುವ ಮನೆಗಳು ಮೂರೂ ಊರುಗಳಲ್ಲಿವೆ. ಆದರೆ ರಾಯಚೂರಿನಂಥ ಊರಿನ ಹೊಸ ಬಡಾವಣೆಗಳಲ್ಲಿ ಒಂದು ಕಡೆ ಇಲ್ಲವೆಂದರೆ ಇನ್ನೊಂದು ಕಡೆ ಸಿಗುತ್ತದೆ, ನಾಲ್ಕೇ ಓಣಿಗಳ ಊರಿನಲ್ಲಿ ಆ ಇನ್ನೊಂದು ಕಡೆ ಇರುವುದಿಲ್ಲ. ಈ ಕಾರಣಕ್ಕೆ ಯಾರಾದರೂ ಅಪ್ ಡೌನ್ ಆರಿಸಿಕೊಂಡರೆ ಅವರಿಗೆ ಹೊತ್ತಿನ ಲೆಕ್ಕ, ಬಾಡಿಗೆಯ ಲೆಕ್ಕ ಹೇಳುವುದು ಅನ್ಯಾಯ. ಅವರ ಮಟ್ಟಿಗೆ ನನ್ನ ವಾದ ನಿಲ್ಲುವುದಿಲ್ಲ, ಮಾನವಾಗಿ ಬದುಕುವುದು ಮೂರು ತಾಸಿಗಿಂತ ದೊಡ್ಡದು. ನೌಕರರು ಕೇಂದ್ರಸ್ಥಾನದಲ್ಲೇ ವಾಸ ಮಾಡಬೇಕೆಂದು ಸುತ್ತೋಲೆ ಹೊರಡಿಸುವ ಸರ್ಕಾರ ಆ ಊರುಗಳಲ್ಲಿ ಸಾಕಷ್ಟು ವಸತಿಗೃಹ ಕಟ್ಟಿಸಿ, ಇರುವವನ್ನು ರಿಪೇರಿ ಮಾಡಿಸಿ, ಜಾತಿ ಕೇಳದೆ ಬೀಗದ ಕೈ ಕೊಟ್ಟರೆ ಈ ತೊಡಕಿನ ದೊಡ್ಡ ಪಾಲು ಬಿಡಿಸಿದಂತಾಗುತ್ತದೆ. ಅದಾಗುವವರೆಗೆ ಬರೀ ನೋಟಿಸು ಕೊಡುವುದಕ್ಕೆ ನೈತಿಕ ಬಲವಿಲ್ಲ.

ಗಂಡ ಹೆಂಡತಿ ಇಬ್ಬರೂ ದುಡಿಯುವವರಾಗಿ ಒಬ್ಬರ ಕೆಲಸ ರಾಯಚೂರಿನಲ್ಲಿ, ಇನ್ನೊಬ್ಬರದು ದೇವದುರ್ಗದಲ್ಲಿ ಇದ್ದರೆ ಯಾರಾದರೊಬ್ಬರು ಓಡಾಡಲೇಬೇಕು. ಆಗ ರಾಯಚೂರೇ ಸರಿಯಾಗಬಹುದು, ನಡುವೆ ಗಬ್ಬೂರಿನಂಥ ಊರು ಸರಿಯಾಗುವುದೂ ಉಂಟು. ನನ್ನ ಕಳಕಳಿ ಇಷ್ಟೇ: ಬಸ್ಸು ಉಚಿತ ಎಂಬ ಒಂದೇ ಕಾರಣಕ್ಕೆ ಆ ಓಡಾಟವನ್ನು ಹೆಂಡತಿಯ ತಲೆಗೆ ಕಟ್ಟಬಾರದು. ಬೆಳಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಬಸ್ ಹಿಡಿದು, ಸಂಜೆ ಬಂದು ಮತ್ತೆ ಒಲೆ ಮುಂದೆ ನಿಲ್ಲುವವಳ ಹೊತ್ತಿಗೂ ಬೆಲೆ ಇದೆ.

ಇಷ್ಟು ಹೊತ್ತು ಎರಡು ಊರುಗಳನ್ನು ಜೊತೆಯಾಗಿ ಹೇಳುತ್ತ ಬಂದೆ, ಆದರೆ ಅವು ಒಂದೇ ಅಲ್ಲ. ಮಾನ್ವಿ ರಾಯಚೂರು–ಸಿಂಧನೂರು ರಸ್ತೆಯ ಮೇಲಿದೆ. ಒಂದು ಕಡೆ ಜಿಲ್ಲಾ ಕೇಂದ್ರ, ಇನ್ನೊಂದು ಕಡೆ ಭತ್ತದ ವ್ಯಾಪಾರದಲ್ಲಿ ಬೆಳೆದ ಸಿಂಧನೂರು; ಹಗಲೆಲ್ಲ ಎರಡೂ ಕಡೆಗೆ ಬಸ್ಸುಗಳು. ರಾಯಚೂರಿನಲ್ಲಿ ಆಗದ್ದು ಸಿಂಧನೂರಿನಲ್ಲಿ ಆಗುತ್ತದೆ. ಸಿರವಾರ ಬೇರೆ ತಾಲ್ಲೂಕಾದ ಮೇಲೆ ಮಾನ್ವಿ ತಾಲ್ಲೂಕು ಕಿರಿದಾಗಿದೆ, ಪೇಟೆ ಕಿರಿದಾಗಿಲ್ಲ. ಆದರೆ ಆ ಪೇಟೆಯ ಜೀವ ಇರುವುದು ಕಾಲುವೆಯಲ್ಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದಾಗ ಎಡದಂಡೆಯ ಉದ್ದಕ್ಕೂ ರೈತರಷ್ಟೇ ವ್ಯಾಪಾರಸ್ಥರೂ ಕಂಗಾಲಾದರು. ಭತ್ತ ಬರದಿದ್ದರೆ ಅಕ್ಕಿ ಗಿರಣಿ ನಿಲ್ಲುತ್ತದೆ, ಹಮಾಲರಿಗೆ ಕೂಲಿ ಇಲ್ಲ, ಬಟ್ಟೆ ಅಂಗಡಿಗೆ ಗಿರಾಕಿ ಇಲ್ಲ. ಸಂಬಳದವರಿಗೆ ಇದು ನೇರವಾಗಿ ತಟ್ಟುವುದಿಲ್ಲ, ಆದರೆ ಪ್ಲಾಟು ಕೊಂಡು ಮನೆ ಕಟ್ಟಿಸಿದವರಿಗೆ ಅದರ ಬೆಲೆಯಲ್ಲಿ ತಟ್ಟುತ್ತದೆ. ಆದ್ದರಿಂದ ಮಾನ್ವಿಯಲ್ಲಿ ವಾಸ ಮಾಡಿ ಎನ್ನುವ ನಾನು, ಹೋದ ಮೊದಲ ವರ್ಷವೇ ಪ್ಲಾಟು ಕೊಳ್ಳಿ ಎಂದು ಹೇಳಲಾರೆ. ದೇವದುರ್ಗದ ಸ್ಥಿತಿ ಇನ್ನೂ ಬಿಗಿಯಾದದ್ದು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ತಾಲ್ಲೂಕಿನ ಹೊಲಗಳಿಗೆ ಬಂದಿದೆ, ಹತ್ತಿ ಮೆಣಸಿನಕಾಯಿ ಬೆಳೆಯುವವರ ಕೈಯಲ್ಲಿ ಹಣ ಓಡಾಡುತ್ತಿದೆ, ಆದರೆ ಊರಿಗೆ ರೈಲಿಲ್ಲ, ಆಚೆ ದಿಕ್ಕಿನಲ್ಲಿ ಸಿಂಧನೂರಿನಂಥ ಹತ್ತಿರದ ಪೇಟೆಯಿಲ್ಲ. ನಾರಾಯಣಪುರದಿಂದ ಹೆಚ್ಚು ನೀರು ಬಿಟ್ಟ ಮಳೆಗಾಲಗಳಲ್ಲಿ ಕೃಷ್ಣೆಯ ಮೇಲಿನ ಹೂವಿನಹೆಡಗಿ ಸೇತುವೆ ಮುಳುಗಿ ಕಲಬುರಗಿ ಕಡೆಯ ದಾರಿ ಮುಚ್ಚಿಹೋಗುತ್ತದೆ. ರಾಯಚೂರಿಗೆ ಹೋಗುವ ದೂರವೂ ಹೆಚ್ಚು. ಹೀಗಾಗಿ ಚಿಕ್ಕ ವಯಸ್ಸಿನ, ಆರೋಗ್ಯವಾಗಿರುವ, ಮಕ್ಕಳು ಪ್ರಾಥಮಿಕ ಶಾಲೆಯಲ್ಲಿರುವ ಕುಟುಂಬಕ್ಕೆ ದೇವದುರ್ಗ ಹಿಡಿಸುತ್ತದೆ. ವಯಸ್ಸಾದ ತಂದೆತಾಯಿ ಜೊತೆಗಿರುವವರಿಗೆ ಮಾನ್ವಿಯಷ್ಟು ಸಲೀಸಲ್ಲ. ವಿಚಿತ್ರವೆಂದರೆ ಅಪ್ ಡೌನ್ ಹೆಚ್ಚು ದಣಿಸುವುದೂ ದೇವದುರ್ಗಕ್ಕೇ.

ಒಂದೊಂದು ಮನೆಯ ಈ ತೀರ್ಮಾನಗಳು ಕೂಡಿ ಊರಿಗೆ ಏನು ಮಾಡುತ್ತವೆ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ನಂಜುಂಡಪ್ಪ ವರದಿಯ ಮೇಲೆ, 371(ಜೆ) ಮೇಲೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಈ ತಾಲ್ಲೂಕುಗಳಿಗೆ ಹಣ ಬಂದಿದೆ, ಕಟ್ಟಡಗಳು ಎದ್ದಿವೆ. ಸಂಜೆ ಐದೂವರೆಯ ಬಸ್ಸು ಹೊರಟ ಮೇಲೆ ಆ ಕಟ್ಟಡಗಳಲ್ಲಿ ದುಡಿಯುವವರಲ್ಲಿ ಎಷ್ಟೋ ಮಂದಿ ಊರಿನಲ್ಲಿರುವುದಿಲ್ಲ. ನಲ್ಲಿ ನೀರು ಕೆಂಪಗೆ ಬಂದರೆ ಪುರಸಭೆಗೆ ಅರ್ಜಿ ಬರೆಯಬಲ್ಲವರು, ಶಾಲೆಯ ಪೋಷಕರ ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಬಲ್ಲವರು, ಗ್ರಂಥಾಲಯ ರಾತ್ರಿ ಎಂಟರವರೆಗೆ ತೆರೆದಿರಲಿ ಎಂದು ಒತ್ತಾಯ ಮಾಡಬಲ್ಲವರು ಐವತ್ತು ಕಿಲೋಮೀಟರ್ ಆಚೆ ಇರುತ್ತಾರೆ. ಶಿಕ್ಷಕರ ಮಕ್ಕಳು ಓದದ ಊರಿನಲ್ಲಿ ಶಾಲೆ ಸುಧಾರಿಸುವ ಒತ್ತಡ ಯಾರಿಂದ ಬರಬೇಕು? ಇದಕ್ಕೆ ಸಿಗುವ ಎದುರುತ್ತರ ನನಗೆ ಗೊತ್ತು: ಊರು ಉದ್ಧಾರ ಮಾಡಲು ನನ್ನ ಮಕ್ಕಳ ಭವಿಷ್ಯವನ್ನು ಯಾಕೆ ಒತ್ತೆ ಇಡಲಿ ಎಂದು. ಒತ್ತೆ ಇಡಬೇಡಿ ಎಂದೇ ನಾನೂ ಹೇಳುವುದು. ಹೊತ್ತು, ಹಣ, ದಣಿವು, ಮಕ್ಕಳ ಜೊತೆಗಿನ ಸಂಜೆ, ಇವಿಷ್ಟನ್ನೇ ಎಣಿಸಿ ಕುಟುಂಬದ ಸ್ವಂತ ಲಾಭಕ್ಕಾಗಿ ಊರಿನಲ್ಲಿ ನೆಲೆಸಿದವರಿಂದಲೂ ಊರಿಗೆ ಅಷ್ಟೇ ಉಪಕಾರವಾಗುತ್ತದೆ. ತ್ಯಾಗಿಗಳನ್ನು ಹುಡುಕಿಕೊಂಡು ಹೋಗಬೇಕಾದ ಅಗತ್ಯ ಬೀಳುವುದಿಲ್ಲ.

ಹಾಗಾದರೆ ಆದೇಶ ಕೈಗೆ ಬಂದವರು ಏನು ಮಾಡಬಹುದು? ರಾಯಚೂರಿನಲ್ಲಿ ಸ್ವಂತ ಮನೆ ಇದ್ದರೆ ಮಾರುವುದು ಬೇಡ, ಬಾಡಿಗೆಗೆ ಕೊಟ್ಟು ಬರಬಹುದು. ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ತಾಲ್ಲೂಕು ಊರಿನಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಮನೆ ಹಿಡಿಯಬೇಕು. ಹಿಡಿಯುವ ಮುನ್ನ ಏಪ್ರಿಲ್, ಮೇ ತಿಂಗಳಲ್ಲಿ ಆ ಓಣಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ ಎಂದು ಮಾಲೀಕರನ್ನು ಬಿಟ್ಟು ಅಕ್ಕಪಕ್ಕದವರನ್ನು ಕೇಳಬೇಕು. ಒಂದು ಮಳೆಗಾಲ, ಒಂದು ಬೇಸಿಗೆ, ಒಂದು ಪರೀಕ್ಷೆಯ ಕಾಲ ಕಳೆದ ಮೇಲೆ ಉಳಿಯುವುದೋ ಬಿಡುವುದೋ ತಾನಾಗಿ ಗೊತ್ತಾಗುತ್ತದೆ. ಈ ಲೆಕ್ಕ ಎಂದೆಂದಿಗೂ ಹೀಗೇ ಇರುತ್ತದೆಂದು ನಾನು ಭಾವಿಸಿಲ್ಲ. 1997–98ರಲ್ಲಿ ಮಂಜೂರಾದ ಮುನಿರಾಬಾದ್–ಮಹಬೂಬ್‌ನಗರ ರೈಲು ಮಾರ್ಗದಲ್ಲಿ ಗದ್ವಾಲ್–ರಾಯಚೂರು ತುಂಡು 2013ರಲ್ಲಿ ತೆರೆಯಿತು, ಇನ್ನೊಂದು ಕಡೆಯಿಂದ 2024ರಲ್ಲಿ ರೈಲು ಸಿಂಧನೂರು ಮುಟ್ಟಿತು. ಸಿಂಧನೂರಿಗೂ ರಾಯಚೂರಿಗೂ ನಡುವೆ ಮಾನ್ವಿಯ ಮೇಲೆ ಹಾಯುವ ಭಾಗವೂ ಮುಗಿದು, ಬೆಳಗ್ಗೆ ಸಂಜೆ ಹೊತ್ತಿಗೆ ಸರಿಯಾಗಿ ಒಂದು ಪ್ಯಾಸೆಂಜರ್ ಗಾಡಿ ಓಡತೊಡಗಿದರೆ, ರಾಯಚೂರಿನಲ್ಲಿದ್ದು ಮಾನ್ವಿಯಲ್ಲಿ ಕೆಲಸ ಮಾಡುವುದು ಈಗಿನಷ್ಟು ಕಷ್ಟವಾಗಲಾರದು. ಮಾನ್ವಿಯಲ್ಲಿ ಕಡಿಮೆ ಬಾಡಿಗೆಯ ಮನೆ ಮಾಡಿಕೊಂಡು ರಾಯಚೂರಿನಲ್ಲಿ ಕೆಲಸ ಮಾಡುವುದೂ ಆಗ ಅಷ್ಟೇ ಸುಲಭವಾಗುತ್ತದೆ.